ಬೇಸಿಗೆಯ ಕೂಲಿ, ಬೇಸಿಗೆಯ ಓದು

ಕ್ಯಾಲಿಫೋರ್ನಿಯಾದ ಬಹುತೇಕ ಶಾಲೆಗಳು ಜೂನ್ ಮೊದಲ ವಾರಗಳಲ್ಲಿ ರಜೆಗೆ ಮುಚ್ಚುತ್ತವೆ. ಅದೇ ಹೊತ್ತಿಗೆ ರಾಜ್ಯದ ನಡುಭಾಗದ ಸ್ಯಾನ್ ವಾಕೀನ್ ಕಣಿವೆಯಲ್ಲಿ ಚೆರ್ರಿಯ ಕೊಯ್ಲು ಮುಗಿಯುತ್ತ ಬಂದು ಪೀಚ್, ನೆಕ್ಟರಿನ್‌ಗಳ ಕೊಯ್ಲು ಬಿರುಸಾಗುತ್ತದೆ. ಜುಲೈಯಲ್ಲಿ ಡೆಲೇನೋ ಸುತ್ತಲಿನ ತೋಟಗಳಲ್ಲಿ ತಿನ್ನುವ ದ್ರಾಕ್ಷಿ ಹಣ್ಣಾಗುತ್ತದೆ. ಆಗಸ್ಟ್ ಕೊನೆಗೆ ಫ್ರೆಸ್ನೋ ಸುತ್ತಮುತ್ತ ಒಣದ್ರಾಕ್ಷಿಗೆಂದು ಗೊಂಚಲುಗಳನ್ನು ಕತ್ತರಿಸಿ, ಬಳ್ಳಿಸಾಲುಗಳ ನಡುವೆ ಕಾಗದದ ಹಾಳೆಗಳ ಮೇಲೆ ಹರವುವ ಕೆಲಸ ಶುರುವಾಗುತ್ತದೆ. ಹೊಲದ ಕೂಲಿಯಿಂದ ಬದುಕುವ ಕುಟುಂಬಕ್ಕೆ ಇದು ಇಡೀ ವರ್ಷದ ಗಳಿಕೆಯ ಕಾಲ. ಹದಿನಾರು, ಹದಿನೇಳರ ಮಗನೋ ಮಗಳೋ ಮನೆಯಲ್ಲಿದ್ದರೆ ಗಳಿಸಲು ಇನ್ನೆರಡು ಕೈಗಳಿವೆ ಎಂದೇ ಲೆಕ್ಕ. ಅಂಥ ಹೊತ್ತಿನಲ್ಲಿ ವಿಶ್ವವಿದ್ಯಾಲಯವೊಂದು ಆ ಮನೆಗೆ ಪತ್ರ ಬರೆದು, ನಿಮ್ಮ ಮಗಳನ್ನು ನಾಲ್ಕು ವಾರ ನಮ್ಮ ಹಾಸ್ಟೆಲಿಗೆ ಕಳುಹಿಸಿ, ಊಟ, ವಸತಿ, ಪಾಠ ಎಲ್ಲವೂ ಉಚಿತ ಎನ್ನುತ್ತದೆ.

ಉಚಿತ ಎಂಬುದು ವಿಶ್ವವಿದ್ಯಾಲಯದ ಕಡೆಯ ಲೆಕ್ಕ. ಮನೆಯ ಕಡೆಯ ಲೆಕ್ಕ ಬೇರೆ. 2025ರಲ್ಲಿ ರಾಜ್ಯದ ಕನಿಷ್ಠ ಕೂಲಿ ಗಂಟೆಗೆ 16.50 ಡಾಲರ್, ವಾರಕ್ಕೆ 40 ಗಂಟೆಯಂತೆ ನಾಲ್ಕು ವಾರ ದುಡಿದರೆ ತೆರಿಗೆಗೆ ಮುನ್ನ 2,640 ಡಾಲರ್. ಮಗಳನ್ನು ಕಳುಹಿಸಿದ ತಾಯಿ ಆ ಬೇಸಿಗೆಯಲ್ಲಿ ಆ ಮೊತ್ತವನ್ನು ತನ್ನ ಕೈಯಿಂದಲೇ ಕಟ್ಟಿದಂತಾಯಿತು. ವಲಸೆ ಕೃಷಿಕಾರ್ಮಿಕರ ಮಕ್ಕಳಿಗಾಗಿ ಅಮೆರಿಕದ ವಿಶ್ವವಿದ್ಯಾಲಯಗಳು ನಡೆಸುವ ಬೇಸಿಗೆ ಶಿಬಿರಗಳ ಬಗ್ಗೆ ಬರುವ ವರದಿಗಳಲ್ಲಿ ಕನಸು, ನಾಯಕತ್ವ, ಭವಿಷ್ಯ ಎಂಬ ಮಾತುಗಳು ಧಾರಾಳವಾಗಿರುತ್ತವೆ. ಈ ಮೊತ್ತ ಎಲ್ಲಿಯೂ ಕಾಣುವುದಿಲ್ಲ. ಶಿಬಿರದಲ್ಲಿ ವಿದ್ಯಾರ್ಥಿಗಳು ಬದುಕುವ ದಿನಚರಿಯನ್ನು, ಅವರ ನಿದ್ದೆಯನ್ನು, ಫೋನ್ ಮಾತುಗಳನ್ನು, ಅವರು ಕೇಳುವ ಪ್ರಶ್ನೆಗಳನ್ನು ಈ ಲೆಕ್ಕ ಬಿಟ್ಟು ಅರ್ಥ ಮಾಡಿಕೊಳ್ಳಲಾಗುವುದಿಲ್ಲ ಎಂಬುದು ನನಗೆ ನಿಧಾನವಾಗಿ ಮನವರಿಕೆಯಾದ ಸಂಗತಿ. ಸಂಖ್ಯಾಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ ವರ್ಷಗಳಲ್ಲಿ ನಾನು ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯವೊಂದರ ಇಂಥ ಶಿಬಿರದಲ್ಲಿ ಬೇಸಿಗೆಗಳಲ್ಲಿ ಗಣಿತ ಹೇಳಿಕೊಡುತ್ತಿದ್ದೆ, ಅವರದೇ ಹಾಸ್ಟೆಲಿನಲ್ಲಿ ಉಳಿದುಕೊಳ್ಳುತ್ತಿದ್ದೆ.

ಈ ಶಿಬಿರಗಳ ಹಿಂದಿರುವ ಕಾನೂನಿನ ವಯಸ್ಸು ಈಗ ಸುಮಾರು ಅರವತ್ತು ವರ್ಷ. 1965ರ ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಕಾಯ್ದೆಗೆ 1966ರಲ್ಲಿ ತಿದ್ದುಪಡಿ ತಂದು, ಋತುಮಾನಕ್ಕೆ ತಕ್ಕಂತೆ ಊರೂರು ಅಲೆಯುವ ಕೃಷಿಕಾರ್ಮಿಕರ ಮಕ್ಕಳ ಓದಿಗೆಂದು ಪ್ರತ್ಯೇಕ ಹಣವನ್ನು ಒದಗಿಸಲಾಯಿತು. 1965ರ ಸೆಪ್ಟೆಂಬರಿನಲ್ಲಷ್ಟೇ ಡೆಲೇನೋದಲ್ಲಿ ಲ್ಯಾರಿ ಇಟ್ಲಿಯಾಂಗ್ ಮುಂದಾಳತ್ವದ ಫಿಲಿಪೀನೋ ಕಾರ್ಮಿಕರು ದ್ರಾಕ್ಷಿ ತೋಟಗಳಲ್ಲಿ ಮುಷ್ಕರ ಹೂಡಿದ್ದರು, ಸೆಸಾರ್ ಚಾವೆಸ್ ಮತ್ತು ಡೊಲೋರೆಸ್ ವೆರ್ತಾ ಅವರ ಸಂಘ ಅವರ ಜತೆಗೂಡಿತ್ತು. 1966ರ ವಸಂತದಲ್ಲಿ ಡೆಲೇನೋದಿಂದ ರಾಜಧಾನಿ ಸ್ಯಾಕ್ರಮೆಂಟೋವರೆಗೆ ಪಾದಯಾತ್ರೆ ನಡೆದಿತ್ತು. ಮುಂದೆ 1967ರಲ್ಲಿ ಹೈಸ್ಕೂಲು ಬಿಟ್ಟವರಿಗೆಂದು, 1972ರಲ್ಲಿ ಕಾಲೇಜಿನ ಮೊದಲ ವರ್ಷದವರಿಗೆಂದು ಬೇರೆ ಬೇರೆ ಯೋಜನೆಗಳು ಬಂದವು. ಎರಡನೆಯದಕ್ಕೆ ಸೇರಬೇಕಾದರೆ ಹಿಂದಿನ 24 ತಿಂಗಳಲ್ಲಿ ವಿದ್ಯಾರ್ಥಿಯೋ ಮನೆಯವರೋ ಕನಿಷ್ಠ 75 ದಿನ ಹೊಲದ ಕೆಲಸ ಮಾಡಿರಬೇಕು. ಟೆಕ್ಸಸ್‌ನ ಆಸ್ಟಿನ್ ನಗರದ ಸೇಂಟ್ ಎಡ್ವರ್ಡ್ಸ್ ವಿಶ್ವವಿದ್ಯಾಲಯ ಅದನ್ನು ಮೊದಲ ವರ್ಷದಿಂದಲೂ ನಡೆಸಿಕೊಂಡು ಬಂದ ಸಂಸ್ಥೆ.

ಬೇಸಿಗೆ ಏಕೆ ಎಂಬುದಕ್ಕೆ ಉತ್ತರ ಅಲೆದಾಟದ ಹಾದಿಯಲ್ಲಿಯೇ ಇದೆ. ಸಲೀನಾಸ್ ಕಣಿವೆಯಲ್ಲಿ ಲೆಟಿಸ್ ಬೆಳೆಯುವುದು ಏಪ್ರಿಲ್‌ನಿಂದ ನವೆಂಬರ್‌ವರೆಗೆ. ಚಳಿ ಬಿದ್ದೊಡನೆ ಆ ಬೆಳೆ, ಅದರೊಂದಿಗೆ ಪ್ಯಾಕಿಂಗ್ ಯಂತ್ರಗಳು ಮತ್ತು ಜನರು, ಅರಿಜೋನಾದ ಯೂಮಾ ಪ್ರದೇಶಕ್ಕೆ ಸ್ಥಳಾಂತರಗೊಳ್ಳುತ್ತಾರೆ. ಹತ್ತನೇ ತರಗತಿಯ ಹುಡುಗ ನವೆಂಬರ್ ನಡುವೆ ಸಲೀನಾಸ್‌ನ ಶಾಲೆ ಬಿಟ್ಟು ಯೂಮಾದ ಶಾಲೆ ಸೇರುತ್ತಾನೆ, ಮಾರ್ಚ್ ಹೊತ್ತಿಗೆ ಮತ್ತೆ ಹಿಂದಿರುಗುತ್ತಾನೆ. ಸೆಮಿಸ್ಟರ್ ಮುಗಿಯುವ ಮೊದಲೇ ಹೊರಟಿದ್ದರಿಂದ ಅಲ್ಲಿಯ ಅಂಕ (ವಿಷಯ ಮುಗಿಸಿದ್ದಕ್ಕೆ ಸಿಗುವ ಕ್ರೆಡಿಟ್) ಸಿಗುವುದಿಲ್ಲ, ನಡುವೆ ಬಂದು ಸೇರಿದ್ದರಿಂದ ಇಲ್ಲಿಯದೂ ಪೂರ್ತಿ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಲು ಹೈಸ್ಕೂಲಿನಲ್ಲಿ ವರ್ಷಪೂರ್ತಿಯ ಹದಿನೈದು ನಿಗದಿತ ವಿಷಯಗಳನ್ನು 'ಸಿ' ದರ್ಜೆಗೆ ಕಡಿಮೆಯಿಲ್ಲದಂತೆ ಮುಗಿಸಿರಬೇಕು: ಇಂಗ್ಲಿಷ್ ನಾಲ್ಕು ವರ್ಷ, ಗಣಿತ ಮೂರು, ಇತಿಹಾಸ ಎರಡು, ಪ್ರಯೋಗಾಲಯದ ವಿಜ್ಞಾನ ಎರಡು, ಹೀಗೆ. ಅರ್ಧಕ್ಕೆ ನಿಂತ ಒಂದು ಬೀಜಗಣಿತ ಸಾಕು, ಉಳಿದದ್ದೆಲ್ಲ ಸರಿಯಿದ್ದರೂ ಬಾಗಿಲು ತೆರೆಯುವುದಿಲ್ಲ. ಆ ಅರ್ಧವನ್ನು ಕೂಡಿಸಿಕೊಳ್ಳಲು ಉಳಿದಿರುವ ಏಕೈಕ ಕಾಲವೆಂದರೆ ಬೇಸಿಗೆ. ಈ ಗೋಜಲನ್ನು ಬಿಡಿಸಲು ನಡೆದ ಪ್ರಯತ್ನಗಳೂ ಹಳೆಯವು. ಅಲೆಯುವ ಮಕ್ಕಳ ಅಂಕಪಟ್ಟಿ, ಲಸಿಕೆಯ ವಿವರಗಳನ್ನೆಲ್ಲ ಒಂದೆಡೆ ಇಡಲು ಆರ್ಕನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿ 1970ರ ದಶಕದಲ್ಲಿಯೇ ಒಂದು ಕಂಪ್ಯೂಟರ್ ಕೇಂದ್ರ ನಡೆಯುತ್ತಿತ್ತು. ಊರು ಬದಲಾದಾಗಲೆಲ್ಲ ದಾಖಲೆಯಿಲ್ಲವೆಂದು ಅದೇ ಮಗುವಿಗೆ ಅದೇ ಚುಚ್ಚುಮದ್ದನ್ನು ಮತ್ತೆ ಮತ್ತೆ ಕೊಡುತ್ತಿದ್ದ ಕಾಲವದು. ಅರ್ಧ ಸೆಮಿಸ್ಟರಿಗೆ ಅರ್ಧ ಅಂಕವನ್ನಾದರೂ ಕೊಡಲೇಬೇಕೆಂಬ ಹಕ್ಕು ಕ್ಯಾಲಿಫೋರ್ನಿಯಾದ ವಲಸೆ ವಿದ್ಯಾರ್ಥಿಗಳಿಗೆ ಕಾನೂನಿನಲ್ಲಿ ಬಂದದ್ದು 2018ರಲ್ಲಿ ಮಾತ್ರ.

ಸರ್ಕಾರವೇ ಅಲೆದಾಟವನ್ನು ಕಡ್ಡಾಯಗೊಳಿಸಿದ್ದುಂಟು. ರಾಜ್ಯವು ಕೃಷಿಕಾರ್ಮಿಕರಿಗೆಂದು ನಡೆಸುವ ವಸತಿ ಕೇಂದ್ರಗಳು ವರ್ಷಕ್ಕೆ ಸುಮಾರು ಆರು ತಿಂಗಳು ಮಾತ್ರ ತೆರೆದಿರುತ್ತವೆ. ಬಾಗಿಲು ಹಾಕಿದ ಮೇಲೆ ಕುಟುಂಬವು 50 ಮೈಲಿಗಿಂತ ದೂರ ಹೋಗಿ ಉಳಿದಿದ್ದರೆ ಮಾತ್ರ ಮರುವರ್ಷ ಅಲ್ಲಿ ಮನೆ ಸಿಗುತ್ತದೆ ಎಂಬ ನಿಯಮ ದೀರ್ಘಕಾಲ ಜಾರಿಯಲ್ಲಿತ್ತು. ಅಗ್ಗದ ಬಾಡಿಗೆಗಾಗಿ ಮಕ್ಕಳ ಶಾಲೆ ಬಿಡಿಸಲೇಬೇಕಾಗಿದ್ದ ಈ ನಿಯಮವನ್ನು, ಶಾಲಾ ಮಕ್ಕಳಿರುವ ಕುಟುಂಬಗಳ ಮಟ್ಟಿಗೆ, 2018ರಲ್ಲಿ ಸಡಿಲಿಸಲಾಯಿತು. ಇನ್ನೊಂದು ಕಡೆ, ವಲಸೆ ಶಿಕ್ಷಣ ಯೋಜನೆಯ ನೆರವು ಸಿಗುವುದು 3ರಿಂದ 21ರ ವಯಸ್ಸಿನವರಿಗೆ, ಅದೂ ಹಿಂದಿನ 36 ತಿಂಗಳಲ್ಲಿ ಕೆಲಸ ಹುಡುಕಿಕೊಂಡು ಊರು ಬದಲಿಸಿದ್ದರೆ. ಮೂರು ವರ್ಷ ಒಂದೇ ಊರಿನಲ್ಲಿ ನೆಲೆನಿಂತ ಕುಟುಂಬದ ಮಗು ಪಟ್ಟಿಯಿಂದ ಹೊರಬೀಳುತ್ತದೆ. ಅಲೆದಾಟ ನಿಲ್ಲಿಸಿದರೆ ಓದು ಸುಧಾರಿಸುತ್ತದೆ. ನಿಲ್ಲಿಸಿದ್ದಕ್ಕೆ ಶಿಬಿರ ತಪ್ಪುತ್ತದೆ. ಅಕ್ಕ ಬಂದು ಹೋದ ಶಿಬಿರಕ್ಕೆ ತಂಗಿ ಬರಲಾಗದಿರುವುದಕ್ಕೆ ಎಷ್ಟೋ ವೇಳೆ ಇದೇ ಕಾರಣ.

ಶಿಬಿರದ ಮೊದಲ ದಿನ ಬಸ್ಸುಗಳಿಂದ ಇಳಿಯುವವರಲ್ಲಿ ತಾಯಂದಿರೂ ಇರುತ್ತಿದ್ದರು. ಮನೆಯವರನ್ನು ಒಂದು ದಿನದ ಮಟ್ಟಿಗೆ ಜೊತೆಯಲ್ಲಿ ಕರೆತರುವ ಏರ್ಪಾಡು ನಾನಿದ್ದ ಕಡೆ ಇತ್ತು, ಮತ್ತು ಅದಿಲ್ಲದಿದ್ದರೆ ಹುಡುಗಿಯರಲ್ಲಿ ಅರ್ಧದಷ್ಟು ಮಂದಿ ಬರುತ್ತಲೇ ಇರಲಿಲ್ಲ ಎಂದು ಈಗಲೂ ನಂಬುತ್ತೇನೆ. ತಾಯಂದಿರು ಭಾಷಣಗಳನ್ನು ಸೌಜನ್ಯದಿಂದ ಕೇಳಿಸಿಕೊಳ್ಳುತ್ತಿದ್ದರು. ಅನಂತರ ಎದ್ದು ಹೋಗಿ ಕೊಠಡಿಯ ಬಾಗಿಲಿನ ಚಿಲಕವನ್ನು ಎರಡು ಬಾರಿ ತಿರುಗಿಸಿ ನೋಡುತ್ತಿದ್ದರು, ಹುಡುಗರ ಮಹಡಿ ಯಾವುದೆಂದು ಕೇಳುತ್ತಿದ್ದರು, ರಾತ್ರಿ ಯಾರು ಇಲ್ಲಿ ಮಲಗುತ್ತಾರೆಂದು ವಿಚಾರಿಸುತ್ತಿದ್ದರು. ನಾನು ಮಲಗುತ್ತೇನೆ ಎಂದು ನನ್ನ ಹರಕು ಸ್ಪ್ಯಾನಿಷ್‌ನಲ್ಲಿ ಹೇಳಿದಾಗ ಒಬ್ಬ ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮ್ಮ ಅಮ್ಮ ಎಲ್ಲಿದ್ದಾರೆ?" ಎಂದು ಕೇಳಿದರು. ಭಾರತದಲ್ಲಿ ಎಂದೆ. ಅಷ್ಟು ದೂರ ಕಳುಹಿಸಿದ್ದಾರಲ್ಲ ಎಂದು ತಲೆಯಾಡಿಸಿದರು. ಅದು ಮೆಚ್ಚುಗೆಯೋ ಆಕ್ಷೇಪವೋ ನನಗೆ ತಿಳಿಯಲಿಲ್ಲ. ಮಗಳನ್ನಂತೂ ಬಿಟ್ಟು ಹೋದರು.

ಶಿಬಿರದ ದಿನಚರಿ ವಿಶ್ವವಿದ್ಯಾಲಯದ ಗಡಿಯಾರಕ್ಕೆ ಹೊಂದಿಸಿದ್ದು; ವಿದ್ಯಾರ್ಥಿಗಳ ಮೈ ಹೊಲದ ಗಡಿಯಾರಕ್ಕೆ ಹೊಂದಿಕೊಂಡಿದ್ದು. ಮೊದಲ ವಾರ ಅವರು ಬೆಳಗಿನ ಜಾವ ನಾಲ್ಕೂವರೆಗೆ ತಾವಾಗಿಯೇ ಏಳುತ್ತಿದ್ದರು. ಕಣಿವೆಯ ಬಿಸಿಲಿಗೆ ಮುನ್ನ ಕೆಲಸ ಶುರುಮಾಡುವವರಿಗೆ ಅದು ತಡವಾಗಿ ಎದ್ದ ಹಾಗೆಯೇ. ಒಂಬತ್ತು ಗಂಟೆಯ ತರಗತಿಗೆ ಕಾಯುತ್ತ ಕಾರಿಡಾರಿನಲ್ಲಿ ಕೂತು ಮೆಲುದನಿಯಲ್ಲಿ ಹರಟುತ್ತಿದ್ದರು. ಎಂಟಕ್ಕೆ ಮುನ್ನ ಸದ್ದು ಮಾಡಬಾರದೆಂಬ ಹಾಸ್ಟೆಲಿನ ನಿಯಮ ಅವರಿಗೆ ತಮಾಷೆಯ ವಿಷಯವಾಗಿತ್ತು. ಕೊಠಡಿಗೆ ಇಬ್ಬರು, ಒಬ್ಬೊಬ್ಬರಿಗೆ ಒಂದು ಮಂಚ, ಒಂದು ಮೇಜು. ತನ್ನದೇ ಮಂಚ ಇದೇ ಮೊದಲು ಎಂದು ಒಬ್ಬಳು ಹೇಳಿಕೊಂಡಳು. ಆದರೂ ಮೂರನೇ ರಾತ್ರಿ ಹಾಸಿಗೆಗಳನ್ನು ನೆಲಕ್ಕಿಳಿಸಿ ನಾಲ್ವರು ಒಂದೇ ಕೊಠಡಿಯಲ್ಲಿ ಮಲಗಿದ್ದರು. ಊಟದ ಹಾಲ್‌ನಲ್ಲಿ ಎಷ್ಟು ಬೇಕಾದರೂ ಬಡಿಸಿಕೊಳ್ಳಬಹುದೆಂಬುದು ನಂಬಿಕೆಗೆ ಬರಲು ಎರಡು ದಿನ ಹಿಡಿಯಿತು. ಅಲ್ಲಿಯ ಸ್ಟ್ರಾಬೆರಿಯನ್ನು ಕೈಗೆತ್ತಿಕೊಂಡು, ತೊಟ್ಟಿನ ಬಳಿ ಬಿಳಿ ಉಳಿದಿದೆ, ಅವಸರದಲ್ಲಿ ಕೊಯ್ದದ್ದು, ಮೇಸ್ತ್ರಿ ಬೈದಿರುತ್ತಾನೆ ಎಂದು ತೀರ್ಪು ಕೊಡುತ್ತಿದ್ದರು. ಸಾವಿರಾರು ವಿದ್ಯಾರ್ಥಿಗಳು ವರ್ಷವಿಡೀ ಆ ಹಣ್ಣನ್ನು ತಿನ್ನುತ್ತಾರೆ. ಅದನ್ನು ಓದಬಲ್ಲವರು ಆ ನಾಲ್ಕು ವಾರ ಮಾತ್ರ ಅಲ್ಲಿರುತ್ತಿದ್ದರು.

ಸಂಜೆ ಏಳರ ಸುಮಾರಿಗೆ ಫೋನ್‌ಗಳು ಶುರುವಾಗುತ್ತಿದ್ದವು. ಹೊಲದಿಂದ ಬಂದು ಸ್ನಾನ ಮುಗಿಸಿದ ತಂದೆ ತಾಯಿಯರು ಮಾಡುತ್ತಿದ್ದ ಕರೆಗಳಲ್ಲಿ ಪಾಠದ ವಿಚಾರ ಎರಡು ನಿಮಿಷಕ್ಕೆ ಮುಗಿದು, ಉಳಿದ ಹೊತ್ತೆಲ್ಲ ಅಂದಿನ ಬಿಸಿಲು, ಎಷ್ಟು ಪೆಟ್ಟಿಗೆ ತುಂಬಿತು, ಯಾವ ಮೇಸ್ತ್ರಿ ನೀರಿನ ಕ್ಯಾನು ತರಲು ಮರೆತ, ನಾಳೆ ಯಾವ ತೋಟ ಎಂಬ ಮಾತುಗಳೇ ಇರುತ್ತಿದ್ದವು. ಶಾಖದಿಂದ ಕಾರ್ಮಿಕರು ಸತ್ತ ಮೇಲೆ, 2005ರಲ್ಲಿ, ನೀರು, ನೆರಳು, ವಿಶ್ರಾಂತಿಯನ್ನು ಕಡ್ಡಾಯ ಮಾಡಿದ ಮೊದಲ ರಾಜ್ಯ ಕ್ಯಾಲಿಫೋರ್ನಿಯಾ. ನಿಯಮ ಇದ್ದರೂ ನೆರಳಿನ ಡೇರೆ ಎಷ್ಟು ದೂರದಲ್ಲಿದೆ ಎಂಬುದು ಪ್ರತಿ ಸಂಜೆಯ ಸುದ್ದಿಯಾಗಿತ್ತು. ಹವಾನಿಯಂತ್ರಿತ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಇದನ್ನು ಕೇಳಿಸಿಕೊಳ್ಳುವ ಹದಿನೇಳರ ಹುಡುಗನಿಗೆ ಮರುದಿನದ ಪ್ರಬಂಧ ಬರೆಯುವುದು ಸುಲಭವಲ್ಲ. ಮನೆ ನೆನಪಾಗಿ ಅಳುವವರನ್ನು ಸಮಾಧಾನಪಡಿಸಲು ನಮಗೆ ತರಬೇತಿ ಕೊಟ್ಟಿದ್ದರು. ಇವರ ಕಷ್ಟ ಅದಾಗಿರಲಿಲ್ಲ. ಇವರಿಗೆ ಕಾಡುತ್ತಿದ್ದುದು ತಾನಿಲ್ಲಿ ಕೂತಿರುವ ಹೊತ್ತಿನಲ್ಲಿ ಅಲ್ಲಿ ತನ್ನ ಸಾಲನ್ನು ಯಾರು ಕೊಯ್ಯುತ್ತಿದ್ದಾರೆ ಎಂಬ ಯೋಚನೆ.

ಒಂದು ವರ್ಷ ಬಿಸಿಲು ಹೆಚ್ಚಾಗಿ ದ್ರಾಕ್ಷಿ ಬೇಗ ಹಣ್ಣಾಗಿತ್ತು. ಕೊನೆಯ ವಾರವನ್ನು ಬಿಟ್ಟು ಊರಿಗೆ ಹೋಗಲು ಬಿಡಬೇಕೆಂದು ಒಬ್ಬ ಹುಡುಗ ಬಂದು ಕೇಳಿದ. ಆ ವಾರ ಬಿಟ್ಟರೆ ಬೀಜಗಣಿತದ ಅಂಕ ಸಿಗುವುದಿಲ್ಲ. ಆ ಅಂಕಕ್ಕೆಂದೇ ಅವನು ಬಂದಿದ್ದ. ಶಿಬಿರದ ಮುಖ್ಯಸ್ಥರು ಅವನ ತಂದೆಗೆ ಫೋನ್ ಮಾಡಿದಾಗ ನಾನೂ ಅಲ್ಲಿದ್ದೆ. ತಂದೆ ಬಹಳ ಮರ್ಯಾದೆಯಿಂದ ಮಾತಾಡಿದರು. "ಮಾಯೆಸ್ತ್ರಾ (ಟೀಚರ್), ಹಣ್ಣು ಯಾರಿಗೂ ಕಾಯುವುದಿಲ್ಲ, ನಿಜ. ಆದರೂ ಅವನು ಅಲ್ಲಿಯೇ ಇರಲಿ. ತಮ್ಮನನ್ನು ಕರೆದುಕೊಂಡು ಹೋಗುತ್ತೇನೆ" ಎಂದರು. ತಮ್ಮನಿಗೆ ಹದಿಮೂರು. ಶಾಲೆಯಿಲ್ಲದ ಹೊತ್ತಿನಲ್ಲಿ, ಹೆತ್ತವರ ಒಪ್ಪಿಗೆಯಿದ್ದರೆ, ಹನ್ನೆರಡು ವರ್ಷದವರೂ ಹೊಲದಲ್ಲಿ ದುಡಿಯಬಹುದೆಂದು ಅಮೆರಿಕದ ಕೇಂದ್ರ ಕಾನೂನು ಹೇಳುತ್ತದೆ. ಅಂಗಡಿಯಲ್ಲೋ ಕಚೇರಿಯಲ್ಲೋ ಕೆಲಸಕ್ಕೆ ಆ ವಯಸ್ಸಿನವರನ್ನು ತೆಗೆದುಕೊಳ್ಳುವಂತಿಲ್ಲ. ಹುಡುಗ ಉಳಿದ, ಅಂಕವೂ ಸಿಕ್ಕಿತು. ಆ ಬೇಸಿಗೆಯ ಯಶಸ್ಸಿನ ಪಟ್ಟಿಯಲ್ಲಿ ಅವನ ಹೆಸರಿತ್ತು. ತಮ್ಮನ ಹೆಸರು ಇರಬೇಕಾದ ಪಟ್ಟಿ ಯಾವುದು ಎಂದು ನಾನು ಆಗಾಗ ಯೋಚಿಸುತ್ತೇನೆ. ಅಣ್ಣ ಕಟ್ಟಬೇಕಿದ್ದ ಬೆಲೆಯನ್ನು ಅವನು ಕಟ್ಟಿದ, ಅಷ್ಟೇ. ಬೆಲೆ ಎಲ್ಲಿಯೂ ಮಾಯವಾಗಲಿಲ್ಲ.

ಹೀಗಾಗಿ ನನ್ನ ದೃಷ್ಟಿಯಲ್ಲಿ ಇಂಥ ಶಿಬಿರದ ಗುಣವನ್ನು ಅಳೆಯುವ ಮೊದಲ ಪ್ರಶ್ನೆ, ಅದು ವಿದ್ಯಾರ್ಥಿಗೆ ಭತ್ಯೆ ಕೊಡುತ್ತದೆಯೇ ಎಂಬುದು. ಸ್ಫೂರ್ತಿಯ ಭಾಷಣಗಳು, ಟಿ-ಶರ್ಟುಗಳು, ಸಮಾರೋಪದ ಫಲಕಗಳು ಅನಂತರದ ಮಾತು. ಕಳೆದುಹೋದ ಕೂಲಿಯ ಒಂದು ಪಾಲನ್ನಾದರೂ ಹಿಂದಿರುಗಿಸುವ ಶಿಬಿರಕ್ಕೆ ಆ ಮನೆಯ ಪರಿಸ್ಥಿತಿ ತಿಳಿದಿದೆ ಎಂದು ನಾನು ಭಾವಿಸುತ್ತೇನೆ. ಎರಡನೆಯ ಪ್ರಶ್ನೆ, ಅಲ್ಲಿ ಗಳಿಸಿದ ಅಂಕ ಊರಿನ ಹೈಸ್ಕೂಲಿನ ದಾಖಲೆಗೆ ಸೇರುತ್ತದೆಯೇ ಎಂಬುದು. ಸೇರದಿದ್ದರೆ ಆ ನಾಲ್ಕು ವಾರ ಒಂದು ಒಳ್ಳೆಯ ಪ್ರವಾಸ. 2,640 ಡಾಲರ್ ಕೊಟ್ಟು ಪ್ರವಾಸ ಹೋಗುವ ಶಕ್ತಿ ಆ ಮನೆಗಳಿಗಿಲ್ಲ.

ತರಗತಿಯೊಳಗೆ ಏನು ನಡೆಯುತ್ತಿತ್ತು ಎಂಬುದಕ್ಕೆ ಬಂದರೆ, ಇಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಶಿಬಿರವನ್ನು ನೆನೆಯಲೇಬೇಕು. ಶಿಕ್ಷಣತಜ್ಞೆ ಕ್ರಿಸ್ ಗುಟಿಯೆರೆಸ್ ಅವರು ಅಲ್ಲಿಯ ವಲಸೆ ವಿದ್ಯಾರ್ಥಿ ನಾಯಕತ್ವ ಸಂಸ್ಥೆಯ ಅನುಭವವನ್ನು ಆಧರಿಸಿ 2008ರಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರದವರಿಗೆಲ್ಲ ಪರಿಚಿತ. ವಿದ್ಯಾರ್ಥಿಗಳು ತಮ್ಮ ಬದುಕಿನ ವೃತ್ತಾಂತವನ್ನು ಬರೆಯುವುದು, ಆದರೆ ಅದನ್ನು ಬರೀ ಸ್ವಂತ ಕಷ್ಟದ ಕಥೆಯಾಗಿ ಬಿಡದೆ, ತಮ್ಮಂಥವರ ಇತಿಹಾಸ ಮತ್ತು ಕಾನೂನುಗಳ ಎದುರಿಟ್ಟು ಮತ್ತೆ ಓದುವುದು ಅಲ್ಲಿಯ ಕಲಿಕೆಯ ನಡುಗಂಬವಾಗಿತ್ತು. ಮನೆಯಲ್ಲಿ ಕಲಿತದ್ದನ್ನು ಹೊರಗಿಟ್ಟು ವಿಶ್ವವಿದ್ಯಾಲಯದ ಜ್ಞಾನವನ್ನು ಒಳಗೆ ತುಂಬಬೇಕೆಂಬ ನೆರವಿನ ತರಗತಿಗಳ ಧೋರಣೆಗೆ ಇದು ತದ್ವಿರುದ್ಧ. ನಾನಿದ್ದ ಶಿಬಿರದ ಇತಿಹಾಸದ ಅಧ್ಯಾಪಕರೂ ಈ ಹಾದಿಯವರೇ. ಅವರ ಒಂದು ತರಗತಿಯಲ್ಲಿ ಗಿಡ್ಡ ಹಿಡಿಕೆಯ ಕುಡುಗುದ್ದಲಿಯ ಪ್ರಸಂಗ ಬಂತು. ಸ್ಪ್ಯಾನಿಷ್ ಮಾತಿನವರು ಅದನ್ನು 'ಎಲ್ ಕೋರ್ತಿತೋ' ಎನ್ನುತ್ತಿದ್ದರು. ಅದನ್ನು ಹಿಡಿದವರು ಇಡೀ ದಿನ ಸೊಂಟ ಬಗ್ಗಿಸಿಯೇ ಲೆಟಿಸ್ ಸಸಿಗಳನ್ನು ತೆಳುಗೊಳಿಸಬೇಕಾಗಿತ್ತು. ನೆಟ್ಟಗೆ ನಿಂತವನು ಕೆಲಸ ಮಾಡುತ್ತಿಲ್ಲವೆಂದು ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿದ್ದುದರಿಂದ ಮಾಲೀಕರಿಗೆ ಆ ಸಾಧನ ಪ್ರಿಯವಾಗಿತ್ತು. ಗ್ರಾಮೀಣ ಕಾನೂನು ನೆರವಿನ ವಕೀಲರು ಹೋರಾಡಿದ ಮೇಲೆ, ರಾಜ್ಯದ ಸುಪ್ರೀಂ ಕೋರ್ಟಿನ ತೀರ್ಪಿನ ಬೆನ್ನಿಗೆ, 1975ರಲ್ಲಿ ಅದು ನಿಷೇಧವಾಯಿತು. ಈ ಪಾಠದ ಸಂಜೆ ಮನೆಗೆ ಹೋದ ಫೋನ್‌ಗಳು ಎಂದಿಗಿಂತ ದೀರ್ಘವಾಗಿದ್ದವು. ಮರುದಿನ ಒಬ್ಬಳು ತನ್ನ ಅಜ್ಜನ ಬೆನ್ನು ಏಕೆ ಹಾಗಿದೆಯೆಂದು ಬರೆದುಕೊಂಡು ಬಂದಿದ್ದಳು. ವಯಸ್ಸಿನಿಂದ ಬಂದದ್ದೆಂದು ಅದುವರೆಗೆ ಮನೆಯಲ್ಲಿ ಎಲ್ಲರೂ ತಿಳಿದಿದ್ದರಂತೆ.

ಗಣಿತದ ತರಗತಿಯಲ್ಲಿ ನಾನು ಇದರಿಂದ ಕಲಿತದ್ದನ್ನು ಬಳಸಿದೆ. ಗಂಟೆಯ ಲೆಕ್ಕದ ಕೂಲಿ, ಪೆಟ್ಟಿಗೆಯ ಲೆಕ್ಕದ ಕೂಲಿ, ಎರಡನ್ನೂ ಬೆರೆಸಿದ ಕೂಲಿ, ಈ ಮೂರರಲ್ಲಿ ಯಾವುದು ಯಾವಾಗ ಲಾಭ ಎಂಬ ಸಮಸ್ಯೆಯನ್ನು ಹಲಗೆಯ ಮೇಲೆ ಬರೆದರೆ, ಸರಳರೇಖೆಯ ಸಮೀಕರಣಗಳಿಗೆ ಹೆದರುತ್ತಿದ್ದವರೂ ವಾದಕ್ಕಿಳಿಯುತ್ತಿದ್ದರು. ಬೆಳಗಿನ ಮೊದಲ ಗಂಟೆಯ ವೇಗ ಮಧ್ಯಾಹ್ನ ಎರಡಕ್ಕೆ ಇರುವುದಿಲ್ಲ, ನಿಮ್ಮ ರೇಖೆ ನೇರವಾಗಿರಲು ಸಾಧ್ಯವೇ ಇಲ್ಲ ಎಂದು ಒಬ್ಬ ತಕರಾರು ತೆಗೆದ. ಅವನ ಮಾತು ಸರಿಯಿತ್ತು, ಆ ವಾರ ನಾವು ವಕ್ರರೇಖೆಗಳತ್ತ ಹೊರಳಿದೆವು. ದಿನದ ಎಂಟು ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ಕೂಲಿ ಸೇರಿಸಿದಾಗ, ಅದು ಹೊಲಕ್ಕೂ ಇದೆಯೇ ಎಂದು ಕೇಳಿದರು. 1938ರ ಕೇಂದ್ರ ಕಾನೂನು ಬೇರೆ ಕಾರ್ಮಿಕರಿಗೆ ಕೊಟ್ಟ ಓವರ್‌ಟೈಮ್ ಹಕ್ಕಿನಿಂದ ಕೃಷಿಕಾರ್ಮಿಕರನ್ನು ಹೊರಗಿಟ್ಟಿತ್ತು. ಕ್ಯಾಲಿಫೋರ್ನಿಯಾ ಅದನ್ನು ಸರಿಪಡಿಸುವ ಕಾಯ್ದೆ ಮಾಡಿದ್ದು 2016ರಲ್ಲಿ, ಅದೂ ಹಂತಹಂತವಾಗಿ ಜಾರಿಗೆ ಬರುವಂತೆ.

ಆದರೆ ಬದುಕಿನ ವೃತ್ತಾಂತ ಬರೆಸುವುದಕ್ಕೆ ಇನ್ನೊಂದು ಮುಖವೂ ಇದೆ, ಅದರ ಬಗ್ಗೆ ನನಗೆ ಸಮಾಧಾನವಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರವೇಶ ಅರ್ಜಿಯಲ್ಲಿ ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿಕೊಂಡು, ಒಂದೊಂದಕ್ಕೆ 350 ಪದ ಮೀರದಂತೆ ತಮ್ಮ ಬಗ್ಗೆ ಬರೆಯಬೇಕು. ಕೊನೆಯ ವಾರದಲ್ಲಿ ಇದರ ಅಭ್ಯಾಸ ನಡೆಯುತ್ತಿತ್ತು. ಬುದ್ಧಿವಂತ ಮಕ್ಕಳಿಗೆ ಯಾವ ವಾಕ್ಯಕ್ಕೆ ಓದುವವರ ಕಣ್ಣು ಒದ್ದೆಯಾಗುತ್ತದೆಂದು ಬಹುಬೇಗ ತಿಳಿದುಹೋಗುತ್ತದೆ. ಇತಿಹಾಸದ ತರಗತಿಯಲ್ಲಿ ಅಜ್ಜನ ಬೆನ್ನು ಒಂದು ಪುರಾವೆಯಾಗಿತ್ತು. ಅರ್ಜಿಯ ತರಗತಿಯಲ್ಲಿ ಅದೇ ಬೆನ್ನು ಮಾರಾಟದ ಸರಕಾಗುವುದನ್ನು ನೋಡಿದ್ದೇನೆ. ಒಬ್ಬ ಹುಡುಗಿ ಮಾತ್ರ ಜಗ್ಗಲಿಲ್ಲ. ಹೊಲದ ಬಗ್ಗೆ ಒಂದು ಸಾಲೂ ಬರೆಯದೆ, ಮನೆಯ ಹಳೆಯ ವ್ಯಾನಿನ ರೇಡಿಯೇಟರನ್ನು ತಾನು ದಾರಿ ಮಧ್ಯೆ ಹೇಗೆ ದುರಸ್ತಿ ಮಾಡಿದೆ ಎಂದು 350 ಪದಗಳಲ್ಲಿ ವಿವರಿಸಿದಳು. ಹೊಲದ ಬಗ್ಗೆ ಬರೆದರೆ ಇನ್ನೂ ಬಲವಾಗಿರುತ್ತದೆ ಎಂದು ಮಾರ್ಗದರ್ಶಕರು ಸೂಚಿಸಿದಾಗ, "ಅದು ನನ್ನ ಅಪ್ಪ ಅಮ್ಮನ ಕೆಲಸ, ಇದು ನನ್ನದು" ಎಂದಳು.

ಹೊರಗಿನಿಂದ ನೋಡುವವರಿಗೆ ಈ ವಿದ್ಯಾರ್ಥಿಗಳೆಲ್ಲ ಒಂದೇ ಗುಂಪು. ಒಳಗೆ ಹಾಗಿರಲಿಲ್ಲ. ಮೆಕ್ಸಿಕೋದ ಒಹಾಕ ರಾಜ್ಯದಿಂದ ಬಂದ ಮೂಲನಿವಾಸಿ ಸಮುದಾಯಗಳಾದ ಮಿಶ್ಟೆಕ್, ಜಪೊಟೆಕ್, ತ್ರಿಕಿ ಕುಟುಂಬಗಳಲ್ಲಿ ಮನೆಮಾತು ಸ್ಪ್ಯಾನಿಷ್ ಅಲ್ಲ. ಆ ಮನೆಯ ಮಕ್ಕಳಿಗೆ ಇಂಗ್ಲಿಷ್ ಮೂರನೆಯ ಭಾಷೆ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಶಾಲೆಯ ಪೋಷಕರ ಸಭೆಯಲ್ಲಿ ಎಂಟು, ಒಂಬತ್ತನೇ ವಯಸ್ಸಿನಿಂದಲೇ ಅವರು ದುಭಾಷಿಗಳು. ಅದೇ ಮಕ್ಕಳನ್ನು ಮೆಕ್ಸಿಕೋ ಮೂಲದ ಇತರ ಮಕ್ಕಳೇ 'ಒಹಾಕಿತಾ' (ಒಹಾಕದ ಪುಟ್ಟಿ) ಎಂದು ಹಂಗಿಸುವುದು ಎಷ್ಟು ಬೆಳೆದಿತ್ತೆಂದರೆ, ಮಿಶ್ಟೆಕ್ ಸಮುದಾಯದ ಸಂಘಟನೆಯೊಂದರ ಒತ್ತಾಯದಿಂದ ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್ ನಗರದ ಶಾಲಾ ಮಂಡಳಿ 2012ರಲ್ಲಿ ಆ ಮಾತನ್ನು ಶಾಲೆಗಳಲ್ಲಿ ನಿಷೇಧಿಸಬೇಕಾಯಿತು. ನಮ್ಮ ಶಿಬಿರದಲ್ಲಿಯೂ ಮೊದಲ ವಾರ ಮಿಶ್ಟೆಕ್ ಹುಡುಗಿಯರು ಮನೆಗೆ ಫೋನ್ ಮಾಡಲು ಕಟ್ಟಡದ ಹಿಂಭಾಗಕ್ಕೆ ಹೋಗುತ್ತಿದ್ದರು. ಭಾಷಾವಿಜ್ಞಾನ ವಿಭಾಗದ ಅಧ್ಯಾಪಕಿಯೊಬ್ಬರು ಒಂದು ಮಧ್ಯಾಹ್ನ ಬಂದು, ಸ್ವರದ ಏರಿಳಿತ ಬದಲಾದರೆ ಪದದ ಅರ್ಥವೇ ಬದಲಾಗುವ ಆ ಭಾಷೆಯ ಬಗ್ಗೆ ಮಾತಾಡಿ, ಆ ಹುಡುಗಿಯರನ್ನು ಹಲಗೆಯ ಬಳಿ ಕರೆದು ಉದಾಹರಣೆ ಕೊಡಿಸಿದರು. ಅಂದಿನಿಂದ ಫೋನ್ ಮಾತು ಕಾರಿಡಾರಿಗೆ ಬಂತು. ಶಿಬಿರದ ವೇಳಾಪಟ್ಟಿಯಲ್ಲಿ 'ನಾಯಕತ್ವ' ಎಂಬ ತಲೆಬರಹದಡಿ ನಡೆದ ಎಷ್ಟೋ ಗಂಟೆಗಳಿಗಿಂತ ಆ ಒಂದು ಮಧ್ಯಾಹ್ನ ಹೆಚ್ಚು ಕೆಲಸ ಮಾಡಿತೆಂದು ನನ್ನ ಅಂದಾಜು.

ನಾಯಕತ್ವದ ತರಗತಿಗಳಲ್ಲಿ ತಪ್ಪದೆ ಉದಾಹರಣೆಯಾಗಿ ಬರುತ್ತಿದ್ದವರು ಗಗನಯಾತ್ರಿ ಹೊಸೇ ಹೆರ್ನಾಂಡೆಸ್. ಕುಟುಂಬದೊಂದಿಗೆ ಕಣಿವೆಯ ಹೊಲಗಳಲ್ಲಿ ದುಡಿಯುತ್ತ ಬೆಳೆದು, 2009ರ ಆಗಸ್ಟಿನಲ್ಲಿ ಬಾಹ್ಯಾಕಾಶಕ್ಕೆ ಹೋದವರು. ಅವರ ಛಲ ದೊಡ್ಡದೇ. ಆದರೆ ಅವರೇ ಹೇಳಿಕೊಂಡ ಕಥೆಯಲ್ಲಿ ನನಗೆ ಮುಖ್ಯವೆನಿಸುವ ತಿರುವು, ಎರಡನೇ ತರಗತಿಯ ಶಿಕ್ಷಕಿ ಮನೆಗೆ ಬಂದು ಊರೂರು ಅಲೆಯುವುದನ್ನು ಬಿಡಿ ಎಂದು ತಂದೆ ತಾಯಿಗೆ ಹೇಳಿದ್ದು, ಅವರು ಸ್ಟಾಕ್‌ಟನ್‌ನಲ್ಲಿ ನೆಲೆ ನಿಂತದ್ದು. ನೆಲೆ ನಿಲ್ಲಲು ಬೇಕಾದದ್ದು ವರ್ಷಪೂರ್ತಿಯ ಕೆಲಸ, ಕೈಗೆಟಕುವ ಬಾಡಿಗೆ. ಹದಿನೇಳರ ವಿದ್ಯಾರ್ಥಿಯ ಸಂಕಲ್ಪದಿಂದ ಇವೆರಡೂ ಬರುವುದಿಲ್ಲ.

ರಾಯಚೂರು ಸೀಮೆಯವಳಾದ ನನಗೆ ಈ ವಿಷಯ ಪೂರ್ತಿ ಹೊಸದಾಗಿರಲಿಲ್ಲ. ಮಳೆಗಾಲದ ಬೆಳೆ ಮುಗಿದ ಮೇಲೆ ನಮ್ಮ ಕಡೆಯ ಕುಟುಂಬಗಳು ಬೆಂಗಳೂರು, ಗೋವಾ, ಮುಂಬೈ ಎಂದು ಗುಳೆ ಹೊರಟು ಯುಗಾದಿಯ ಹೊತ್ತಿಗೆ ಹಿಂದಿರುಗುತ್ತವೆ. ಹಾಜರಿ ಪುಸ್ತಕದಲ್ಲಿ ಆ ತಿಂಗಳುಗಳ ಉದ್ದಕ್ಕೂ ಮಕ್ಕಳ ಹೆಸರಿನ ಮುಂದೆ ಗೈರು. ಕೆಲವು ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ, ಕೆಲವರಿಗೆ ಋತುಮಾನದ ವಸತಿನಿಲಯಗಳು, ಕೆಲವರಿಗೆ ಕಟ್ಟಡ ಕೆಲಸದ ಜಾಗದ ಟೆಂಟ್ ಶಾಲೆಗಳು. ಅಲ್ಲಿ ಗುಳೆ ಬರುವುದು ಶಾಲೆಯ ವರ್ಷದ ನಡುವೆ. ಬೇಸಿಗೆ ರಜೆಗೆ ಮಕ್ಕಳು ಊರಿನಲ್ಲಿರುತ್ತಾರೆ. ಹೈಸ್ಕೂಲು ದಾಟಿ ವಿಶ್ವವಿದ್ಯಾಲಯದ ಹೊಸ್ತಿಲಿಗೆ ಬಂದ ಗುಳೆಯ ಮಕ್ಕಳನ್ನು ಆ ತಿಂಗಳಿನಲ್ಲಿ ಕರೆಸಿಕೊಂಡು ಕ್ಯಾಂಪಸ್ಸಿನಲ್ಲಿ ಉಳಿಸಿಕೊಳ್ಳುವ ಏರ್ಪಾಡನ್ನು ನಮ್ಮ ಭಾಗದಲ್ಲಿ ನಾನು ಓದುವಾಗ ಕಂಡಿರಲಿಲ್ಲ. ಇದ್ದಿದ್ದರೆ ಅದಕ್ಕೆ ತಗಲುವ ಕೂಲಿನಷ್ಟ ಇಲ್ಲಿಗಿಂತ ಕಡಿಮೆಯೇ ಆಗುತ್ತಿತ್ತು.

ಕಾಗದಪತ್ರದ ಭಯವನ್ನೂ ಹೇಳಬೇಕು. ವಲಸೆ ಶಿಕ್ಷಣದ ಯೋಜನೆ ಮಗುವಿನ ಪೌರತ್ವವನ್ನು ಕೇಳುವುದಿಲ್ಲ, ಶಾಲೆಯೂ ಕೇಳುವಂತಿಲ್ಲ. ದಾಖಲೆಯಿಲ್ಲದ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲಿ ತೀರ್ಪು ಕೊಟ್ಟಿದೆ. ದಾಖಲೆಯಿಲ್ಲದವರೂ ರಾಜ್ಯದವರ ಶುಲ್ಕದಲ್ಲಿಯೇ ಕಾಲೇಜು ಓದಲು ಕ್ಯಾಲಿಫೋರ್ನಿಯಾ 2001ರಲ್ಲಿ ಅವಕಾಶ ಮಾಡಿಕೊಟ್ಟಿತು, ಇಲ್ಲಿಯ ಹೈಸ್ಕೂಲಿನಲ್ಲಿ ಮೂರು ವರ್ಷ ಓದಿರಬೇಕು ಎಂಬ ಷರತ್ತಿನೊಂದಿಗೆ. ಪ್ರತಿ ಚಳಿಗಾಲವನ್ನು ಯೂಮಾದಲ್ಲಿ ಕಳೆದವರಿಗೆ ಆ ಮೂರು ವರ್ಷವನ್ನು ಕೂಡಿಸಿ ತೋರಿಸುವುದೇ ಒಂದು ಕೆಲಸವಾಗಿತ್ತು. ಶಿಬಿರದಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಪ್ರವಾಸಕ್ಕೆ ದಕ್ಷಿಣದ ಗಡಿಯತ್ತ ಹೋಗುವ ಹೆದ್ದಾರಿಯನ್ನು ಆರಿಸಬಾರದೆಂದು ಮಾತ್ರ ನಮಗೆಲ್ಲ ತಿಳಿದಿತ್ತು.

ಈ ಶಿಬಿರಗಳ ಹಣದ ಲೆಕ್ಕದಲ್ಲಿಯೂ ಬೇಸಿಗೆಗೆ ಒಂದು ಸ್ಥಾನವಿದೆ. ಕೇಂದ್ರ ಸರ್ಕಾರ ರಾಜ್ಯಗಳಿಗೆ ಪಾಲು ಹಂಚುವಾಗ ಬೇಸಿಗೆಯಲ್ಲಿ ನೆರವು ಪಡೆದ ಮಕ್ಕಳನ್ನು ಹೆಚ್ಚುವರಿಯಾಗಿ ಎಣಿಸುತ್ತದೆ. ಅಂಥ ಹಣವನ್ನು 2025ರ ಜುಲೈ 1ರಂದು ರಾಜ್ಯಗಳಿಗೆ ಬಿಡುಗಡೆ ಮಾಡಬೇಕಿದ್ದ ಕೇಂದ್ರ ಶಿಕ್ಷಣ ಇಲಾಖೆ ಪರಿಶೀಲನೆಯ ಹೆಸರಿನಲ್ಲಿ ತಡೆಹಿಡಿಯಿತು. ಮರುವರ್ಷದ ಬಜೆಟ್ ಪ್ರಸ್ತಾವದಲ್ಲಿ ವಲಸೆ ಶಿಕ್ಷಣದ ಬಾಬ್ತನ್ನೇ ತೆಗೆದುಹಾಕುವ ಸೂಚನೆಯಿತ್ತು. ತೀವ್ರ ವಿರೋಧ ಬಂದ ಮೇಲೆ ಜುಲೈ ಕೊನೆಯಲ್ಲಿ ಹಣ ಬಿಡುಗಡೆಯಾಯಿತು. ಹಣ ಬಂತಲ್ಲ, ಇನ್ನೇನು ತೊಂದರೆ ಎಂದು ಪರಿಚಿತರೊಬ್ಬರು ಕೇಳಿದರು. ಗುತ್ತಿಗೆದಾರರು ದ್ರಾಕ್ಷಿ ಕೊಯ್ಲಿನ ತಂಡಗಳಿಗೆ ಜನರನ್ನು ಗೊತ್ತುಮಾಡುವುದು ಜೂನ್ ಜುಲೈಗಳಲ್ಲಿ. ಮಗಳು ಶಿಬಿರಕ್ಕೆ ಹೋಗುತ್ತಾಳೋ ಹೊಲಕ್ಕೆ ಬರುತ್ತಾಳೋ ಎಂದು ತಾಯಿ ಮೇಸ್ತ್ರಿಗೆ ಉತ್ತರ ಕೊಡಬೇಕಾದದ್ದು ಆ ವಾರಗಳಲ್ಲಿಯೇ. ಜುಲೈ ಕೊನೆಗೆ ತಲುಪಿದ ಹಣದಿಂದ ಮರುವರ್ಷದ ಶಿಬಿರವನ್ನು ನಡೆಸಬಹುದು, ಅಷ್ಟರೊಳಗೆ ಆ ಮಗಳು ಹೈಸ್ಕೂಲು ಮುಗಿಸಿರುತ್ತಾಳೆ, ಅಥವಾ ಬಿಟ್ಟಿರುತ್ತಾಳೆ.